ಮರೆವಿನ ಮನೆಗೆ ನೆರವಿನ ಕೈ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ನಾವು ಎಷ್ಟು ಹಗುರವಾಗಿ ಆಡಿಬಿಡುತ್ತೇವೆ! ಅಜ್ಜ ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮನೆಯೆಲ್ಲ ಹುಡುಕಿದರೆ ನಗುತ್ತೇವೆ. ಅಜ್ಜಿ ಸಾರಿಗೆ ಎರಡು ಬಾರಿ ಉಪ್ಪು ಹಾಕಿದರೆ ವಯಸ್ಸಾಯಿತಲ್ಲ ಎನ್ನುತ್ತೇವೆ. ಆ ನಗುವಿನಲ್ಲಿ ತಪ್ಪೇನೂ ಇಲ್ಲ. ಆದರೆ ನಲವತ್ತು ವರ್ಷ ಜೊತೆಯಲ್ಲಿ ಬಾಳಿದ ಪತ್ನಿಯನ್ನೇ ‘ನೀವು ಯಾರಮ್ಮ?’ ಎಂದು ಪತಿ ಕೇಳುವ ಮನೆಯಲ್ಲಿ ಆ ಗಾದೆ ಯಾರ ಬಾಯಿಗೂ ಬಾರದು. ಮುಪ್ಪಿನ ಸಹಜ ಮರೆವು ಬೇರೆ, ಮರೆಗುಳಿ ರೋಗ ಬೇರೆ. ಬೀಗದ ಕೈಯನ್ನು ಎಲ್ಲಿಟ್ಟೆ ಎಂದು ಮರೆಯುವುದು ಮೊದಲನೆಯದು. ಅದು ಏತಕ್ಕೆ ಇರುವ ವಸ್ತು ಎಂಬುದನ್ನೇ ಮರೆಯುವುದು ಎರಡನೆಯದು.

ವೈದ್ಯರು ಡಿಮೆನ್ಶಿಯಾ ಎಂದು ಕರೆಯುವ ಈ ಸ್ಥಿತಿ ಮಿದುಳಿನ ರೋಗಗಳಿಂದ ಉಂಟಾಗುವಂಥದು. ಅವುಗಳಲ್ಲಿ ಆಲ್ಝೈಮರ್ ರೋಗವೇ ಮುಖ್ಯವಾದದ್ದು. ಮಿದುಳಿಗೆ ರಕ್ತ ಒಯ್ಯುವ ನಾಳಗಳ ತೊಂದರೆ ಮತ್ತೊಂದು. ಮೊದಲು ನೆನಪು ಕುಂದುತ್ತದೆ. ಬರಬರುತ್ತ ಮಾತು, ವಿವೇಚನೆ, ದಿಕ್ಕಿನ ಅರಿವು, ಕಡೆಗೆ ಉಣ್ಣುವ ಉಡುವ ಶಕ್ತಿಯೂ ಕೈಬಿಟ್ಟು ಹೋಗುತ್ತವೆ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದರ ಅಂದಾಜಿನಂತೆ ನಮ್ಮ ದೇಶದಲ್ಲಿ 60 ವರ್ಷ ದಾಟಿದವರ ಪೈಕಿ ಶೇಕಡಾ 7.4ರಷ್ಟು ಮಂದಿ, ಎಂದರೆ ಸುಮಾರು 88 ಲಕ್ಷ ಜನರು ಇದಕ್ಕೆ ತುತ್ತಾಗಿದ್ದಾರೆ. ಇದು ದೂರದ ವಿಷಯವೆಂದು ಯಾರೂ ಭಾವಿಸಬೇಕಾಗಿಲ್ಲ. ಮೈಸೂರಿನ ಜನರು ಮಿಷನ್ ಆಸ್ಪತ್ರೆಯೆಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕವನ್ನು ದಾಖಲೆ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಆ ಶಿಶುಗಳೇ ಮುಪ್ಪಿಗೆ ಕಾಲಿಟ್ಟಾಗ, ಹುಟ್ಟಿನ ತೂಕಕ್ಕೂ ಮುಪ್ಪಿನ ನೆನಪಿನ ಶಕ್ತಿಗೂ ಸಂಬಂಧವುಂಟೇ ಎಂದು ಅದೇ ಆಸ್ಪತ್ರೆಯ ಸಂಶೋಧಕರು ಅಧ್ಯಯನಕ್ಕೆ ತೊಡಗಿದರು. ಮೈಸೂರಿನ ವೃದ್ಧರ ಮರೆವು ಹಾಸ್ಯದ ವಸ್ತುವಲ್ಲ, ವೈದ್ಯಶಾಸ್ತ್ರದ ವಿಷಯ ಎಂಬುದಕ್ಕೆ ಇಷ್ಟು ಸಾಕು.

ಹಿನಕಲ್‌ನಂಥ ಊರಿನಲ್ಲಿ ಈ ರೋಗ ಹೇಗೆ ಬಂದು ನೆಲೆಸುತ್ತದೆ ಎಂಬುದನ್ನು ಯೋಚಿಸೋಣ. ಒಂದು ಕಾಲಕ್ಕೆ ಹುಣಸೂರು ರಸ್ತೆಯ ಬದಿಯ ಹಳ್ಳಿಯಾಗಿದ್ದ ಹಿನಕಲ್ ಇಂದು ನಗರದೊಡನೆ ಬೆರೆತುಹೋಗಿದೆ. ಕಾರ್ಖಾನೆಗಳಲ್ಲಿ, ಶಾಲೆಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ದುಡಿದು ನಿವೃತ್ತರಾದ ಅನೇಕರು ಅದರ ಸುತ್ತಮುತ್ತ ಮನೆ ಕಟ್ಟಿಕೊಂಡಿದ್ದಾರೆ. ಇಂಥ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಮಗ ಬೆಂಗಳೂರಿನಲ್ಲಿ, ಮಗಳು ಕೊಲ್ಲಿ ರಾಷ್ಟ್ರದಲ್ಲಿ. ಮನೆಯಲ್ಲಿ ಇಬ್ಬರೇ. ಆತನಿಗೆ ನೆನಪು ಹೋಗಿದೆ; ಆಕೆಗೆ ಸಕ್ಕರೆ ಕಾಯಿಲೆ, ಮಂಡಿನೋವು. ನಡುರಾತ್ರಿ ಎರಡು ಗಂಟೆಗೆ ಆತ ಎದ್ದು ಷರಟು ತೊಟ್ಟು, ಡ್ಯೂಟಿಗೆ ಹೊತ್ತಾಯಿತೆಂದು ಬಾಗಿಲ ಬಳಿ ನಿಲ್ಲುತ್ತಾನೆ. ಹೊರಗೆ ಹೋದರೆ ಹುಣಸೂರು ರಸ್ತೆ, ವರ್ತುಲ ರಸ್ತೆ, ಹಗಲಿರುಳೆನ್ನದೆ ಓಡುವ ಲಾರಿಗಳು. ಆದುದರಿಂದ ಆಕೆ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ಮಲಗುತ್ತಾಳೆ. ಮಲಗುತ್ತಾಳೆ ಎಂದೆನಷ್ಟೆ, ನಿದ್ರಿಸುತ್ತಾಳೆ ಎನ್ನಲಿಲ್ಲ. ಬೆಳಗಾದರೆ ಸ್ನಾನಕ್ಕೆ ಜಗಳ, ಊಟಕ್ಕೆ ಜಗಳ. ‘ಯಾರೋ ನನ್ನ ದುಡ್ಡು ಕದ್ದರು’ ಎಂಬ ಆರೋಪ. ಭಾನುವಾರದ ಬಲಿಪೂಜೆಗೆ ಆಕೆ ಬಾರದೆ ಎಷ್ಟು ವಾರಗಳಾದವೆಂಬುದನ್ನು ಯಾರೂ ಲೆಕ್ಕ ಇಟ್ಟಿಲ್ಲ. ದಾರಿಯಲ್ಲಿ ಸಿಕ್ಕವರು ಕೇಳಿದರೆ, ‘ಚೆನ್ನಾಗಿದ್ದೇವೆ, ದೇವರ ದಯೆ’ ಎಂದು ಹೇಳಿ ಮುಂದೆ ಸಾಗುತ್ತಾಳೆ.

ಪಾತ್ರಗಳನ್ನು ಅದಲುಬದಲು ಮಾಡಿದರೂ ಕಥೆ ಬದಲಾಗುವುದಿಲ್ಲ. ಪತ್ನಿ ಮರೆವಿಗೆ ಸಿಲುಕಿದ ಮನೆಗಳಲ್ಲಿ ಜೀವಮಾನದಲ್ಲಿ ಒಂದು ದಿನವೂ ಒಲೆ ಹಚ್ಚದ ಪತಿ ಗಂಜಿ ಕಾಯಿಸುವುದನ್ನು, ಜಡೆ ಹೆಣೆಯುವುದನ್ನು, ಸೀರೆ ಉಡಿಸುವುದನ್ನು ಕಲಿಯುತ್ತಾನೆ. ಗಂಡಸರು ಇಂಥ ಸಮಯದಲ್ಲಿ ಸಹಾಯ ಕೇಳುವುದು ಇನ್ನೂ ಕಡಿಮೆ.

ಇವರಿಗೆ ಯಾರಾದರೂ ‘ಹಗಲು ಹೊತ್ತಿಗೆ ಒಬ್ಬರು ಆರೈಕೆಯವರನ್ನು ಇಟ್ಟುಕೊಳ್ಳಿ’ ಎಂದರೆ ಬರುವ ಉತ್ತರ ಒಂದೇ: ‘ಪೀಠದ ಮುಂದೆ ಮಾತು ಕೊಟ್ಟವಳು ನಾನು. ನನ್ನ ಕೈಲಾಗುವವರೆಗೆ ನಾನೇ ನೋಡಿಕೊಳ್ಳುತ್ತೇನೆ.’ ಈ ಮಾತಿನ ಹಿಂದಿರುವ ಪ್ರೀತಿಗೆ ತಲೆಬಾಗೋಣ. ಆದರೆ ಇದರಲ್ಲಿ ಅಡಗಿರುವ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಿಕೊಳ್ಳಬೇಕಾಗಿದೆ. ವಿವಾಹ ಸಂಸ್ಕಾರದಲ್ಲಿ ನಾವು ಕೊಡುವ ಮಾತು ಆರೋಗ್ಯದಲ್ಲೂ ಕಾಯಿಲೆಯಲ್ಲೂ ಕೈಬಿಡುವುದಿಲ್ಲ ಎಂಬುದೇ ಹೊರತು, ಪ್ರತಿಯೊಂದು ಕೆಲಸವನ್ನೂ ನನ್ನ ಎರಡೇ ಕೈಗಳಿಂದ ಮಾಡುತ್ತೇನೆ ಎಂಬುದಲ್ಲ. ಕೈಬಿಡದಿರುವುದು ನಿಷ್ಠೆ, ಎಲ್ಲವನ್ನೂ ಒಬ್ಬರೇ ಹೊರುವುದು ಅನೇಕ ಸಲ ಆ ನಿಷ್ಠೆಯನ್ನೇ ಮುರಿಯುವ ದಾರಿ. ಏಕೆಂದರೆ ಆರೈಕೆ ಮಾಡುವವರು ಹಾಸಿಗೆ ಹಿಡಿದರೆ ರೋಗಿಯ ಗತಿಯೇನು?

ಈ ರೋಗದ ಇತಿಹಾಸದ ಮೊದಲ ಪುಟದಲ್ಲಿಯೇ ಸಹಾಯ ಬೇಡಿದ ಪತಿಯೊಬ್ಬನಿದ್ದಾನೆ. 1901ರ ನವೆಂಬರ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ರೈಲ್ವೆ ಗುಮಾಸ್ತನೊಬ್ಬನು, ಮರೆವು ಮತ್ತು ಸಂಶಯಗಳಿಂದ ಬಳಲುತ್ತಿದ್ದ 51 ವರ್ಷದ ಪತ್ನಿ ಔಗುಸ್ಟ ಡೇಟರಳನ್ನು ಮನೆಯಲ್ಲಿ ನೋಡಿಕೊಳ್ಳಲಾರದೆ ಆಸ್ಪತ್ರೆಗೆ ಸೇರಿಸಿದನು. ಅಲ್ಲಿದ್ದ ವೈದ್ಯ ಆಲೋಯಿಸ್ ಆಲ್ಝೈಮರ್ ಆಕೆಯ ಮಾತುಗಳನ್ನು ಸಹನೆಯಿಂದ ಕೇಳಿ ಬರೆದುಕೊಂಡನು. 1906ರಲ್ಲಿ ಆಕೆ ತೀರಿಕೊಂಡ ಬಳಿಕ ಮಿದುಳನ್ನು ಪರೀಕ್ಷಿಸಿ, ಅದೇ ವರ್ಷದ ನವೆಂಬರ್‌ನಲ್ಲಿ ತಾನು ಕಂಡದ್ದನ್ನು ವೈದ್ಯರ ಸಭೆಯ ಮುಂದಿಟ್ಟನು. ಆ ಪತಿ ಬಾಗಿಲು ಮುಚ್ಚಿಕೊಂಡು ಒಬ್ಬನೇ ಸಹಿಸಿಕೊಂಡಿದ್ದರೆ ಆ ಹೆಂಗಸಿನ ಸಂಕಟಕ್ಕೆ ಹೆಸರೂ ಇರುತ್ತಿರಲಿಲ್ಲ.

ನೆರವು ಪಡೆದರೆ ರೋಗಿ ನಮ್ಮ ಕೈತಪ್ಪಿ ಹೋಗುತ್ತಾರೆ ಎಂಬ ಭಯವೂ ಅನೇಕರಲ್ಲಿದೆ. ನಿಜಸ್ಥಿತಿ ಇದಕ್ಕೆ ವಿರುದ್ಧ. ಅಮೆರಿಕದ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದವರು ಆಲ್ಝೈಮರ್ ರೋಗಿಗಳನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ 406 ಮಂದಿ ಪತಿ ಅಥವಾ ಪತ್ನಿಯರನ್ನು ಹಲವು ವರ್ಷ ಅಧ್ಯಯನ ಮಾಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿನವರಿಗೆ ಕುಟುಂಬದವರೊಡನೆ ಕೂಡಿಸಿ ಸಲಹೆ, ಆರೈಕೆ ಮಾಡುವವರ ಕೂಟ, ಬೇಕೆಂದಾಗ ದೂರವಾಣಿಯಲ್ಲಿ ಮಾರ್ಗದರ್ಶನ ಇವೆಲ್ಲ ದೊರೆತಿದ್ದವು. ಅವರ ಮನೆಯ ರೋಗಿಗಳು ಉಳಿದವರಿಗಿಂತ ಸುಮಾರು 557 ದಿನ, ಎಂದರೆ ಒಂದೂವರೆ ವರ್ಷ ತಡವಾಗಿ ಆರೈಕೆ ಕೇಂದ್ರಕ್ಕೆ ಸೇರಬೇಕಾಯಿತು. ಹೊರಗಿನ ನೆರವು ರೋಗಿಯನ್ನು ಮನೆಯಿಂದ ಹೊರಗೆ ಕಳುಹಿಸಲಿಲ್ಲ, ಮನೆಯಲ್ಲಿಯೇ ಉಳಿಸಿತು.

ಇನ್ನು ಆಕ್ಷೇಪಣೆಗಳನ್ನು ನೋಡೋಣ. ‘ಕಟ್ಟಿಕೊಂಡ ಗಂಡನನ್ನು ಕೂಲಿಯವರ ಕೈಗೆ ಕೊಟ್ಟಳಂತೆ’ ಎಂದು ಜನ ಆಡಿಕೊಳ್ಳುತ್ತಾರೆ ಎಂಬುದು ಮೊದಲನೆಯದು. ಹಾಗೆ ಆಡಿಕೊಳ್ಳುವವರು ನಮ್ಮ ನಡುವೆಯೇ ಇದ್ದಾರೆ, ಇಲ್ಲವೆನ್ನಲಾಗದು. ಅವರಿಗೆ ಒಂದು ರಾತ್ರಿ ಆ ಮನೆಯಲ್ಲಿ ಕಾವಲಿರಲು ಹೇಳಬೇಕು. ಇತ್ತೀಚೆಗೆ ನರ್ಸ್, ಕಾವಲುಗಾರ್ತಿ, ಅಗಸಗಿತ್ತಿ, ಅಡುಗೆಯಾಕೆ ಎಲ್ಲವೂ ಆಗಿಹೋದ ಹೆಂಡತಿಗೆ ಹೆಂಡತಿಯಾಗಿರಲು ಮಾತ್ರ ಸಮಯವಿಲ್ಲವಾಗಿದೆ. ಸ್ನಾನ ಮಾಡಿಸುವ, ಬಟ್ಟೆ ಒಗೆಯುವ ಕೆಲಸವನ್ನು ಮತ್ತೊಬ್ಬರು ಮಾಡಿದರೆ, ಆಕೆ ಸಂಜೆ ಆತನ ಪಕ್ಕದಲ್ಲಿ ಕುಳಿತು ಕೈ ಹಿಡಿದು ಜಪಮಾಲೆ ಹೇಳಬಹುದು. ಹೊಸದನ್ನೆಲ್ಲ ಮರೆತವರು ಎಳವೆಯಲ್ಲಿ ಕಲಿತ ಪ್ರಾರ್ಥನೆ, ಹಾಡುಗಳನ್ನು ಅನೇಕ ವೇಳೆ ಬಹುಕಾಲ ಉಳಿಸಿಕೊಂಡಿರುತ್ತಾರೆ. ಆ ಹೊತ್ತನ್ನು ಯಾವ ಕೂಲಿಯವರೂ ತುಂಬಲಾರರು, ತುಂಬಬೇಕಾಗಿಯೂ ಇಲ್ಲ.

ಎರಡನೆಯದು ನಂಬಿಕೆಯ ಪ್ರಶ್ನೆ. ಗುರುತು ಪರಿಚಯವಿಲ್ಲದವರನ್ನು ಒಳಗೆ ಬಿಟ್ಟುಕೊಳ್ಳುವುದು ಹೇಗೆ? ಇದು ನ್ಯಾಯವಾದ ಭಯವೇ. ಮಾತು ಬಾರದ ರೋಗಿಯನ್ನು ಗದರಿಸುವವರು, ಗಿಲ್ಲುವವರು ಇಲ್ಲದೆ ಇಲ್ಲ. ಬಲ್ಲವರ ಮೂಲಕ ಜನರನ್ನು ಹುಡುಕುವುದು, ಗುರುತಿನ ಚೀಟಿಯ ಪ್ರತಿ ಪಡೆದು ಪೊಲೀಸ್ ಠಾಣೆಯಲ್ಲಿ ವಿಚಾರಿಸಿಕೊಳ್ಳುವುದು, ಮೊದಲ ಕೆಲವು ವಾರ ಮನೆಯವರೊಬ್ಬರು ಜೊತೆಯಲ್ಲಿಯೇ ಇರುವುದು, ಒಡವೆ ಹಣಗಳನ್ನು ಬೇರೆಡೆ ಇರಿಸುವುದು, ಇವಿಷ್ಟು ಎಚ್ಚರಿಕೆ ಅಗತ್ಯ. ಆದರೆ ಈ ನಂಬಿಕೆ ಎರಡೂ ಕಡೆಯಿಂದ ಬರಬೇಕಾದುದು. ಆರೈಕೆಗೆ ಬರುವಾಕೆಯೂ ಒಂದು ಮನೆಯ ತಾಯಿ ಅಥವಾ ಮಗಳು. ಹೊತ್ತಿಗೆ ಊಟ, ಕುಳಿತುಕೊಳ್ಳಲು ಕುರ್ಚಿ, ತಿಂಗಳಿಗೆ ಸರಿಯಾಗಿ ಸಂಬಳ, ವಾರಕ್ಕೊಂದು ರಜೆ ಇವು ಆಕೆಗೆ ಸಲ್ಲಬೇಕಾದ ನ್ಯಾಯವೇ ಹೊರತು ನಾವು ತೋರುವ ದಯೆಯಲ್ಲ. ದಣಿದವರ ಕೈಯಿಂದ ಮೃದುವಾದ ಆರೈಕೆಯನ್ನು ನಿರೀಕ್ಷಿಸಲಾಗದು.

ಮೂರನೆಯದು ರೋಗಿಯ ಒಪ್ಪಿಗೆ. ‘ನಿಮ್ಮನ್ನು ನೋಡಿಕೊಳ್ಳಲು ಜನ ಬಂದಿದ್ದಾರೆ’ ಎಂದು ಹೇಳಿದರೆ, ಜೀವಮಾನವಿಡೀ ಮನೆಯ ಯಜಮಾನನಾಗಿದ್ದವನು ಸಿಡಿದೇಳುವುದು ಸಹಜ. ‘ರೀ, ನನಗೆ ಮಂಡಿನೋವು ಹೆಚ್ಚಾಗಿದೆ, ನನಗೆ ಸಹಾಯಕ್ಕೆ ಇವರು ಬಂದಿದ್ದಾರೆ’ ಎಂದರೆ ಆತನ ಗೌರವಕ್ಕೆ ಕುಂದಿಲ್ಲ, ಮಾತೂ ಸುಳ್ಳಲ್ಲ. ಮೊದಲು ವಾರಕ್ಕೆ ಎರಡು ದಿನ, ದಿನಕ್ಕೆ ಎರಡು ಗಂಟೆ ಸಾಕು. ಬಂದವರು ಮೊದಲ ದಿನವೇ ಸ್ನಾನಕ್ಕೆ ಕರೆಯದೆ ಜೊತೆಯಲ್ಲಿ ಕಾಫಿ ಕುಡಿಯಲಿ, ಅಂಗಳದಲ್ಲಿ ನಡೆದಾಡಲಿ. ಯಾವ ಹೆಸರಿನಿಂದ ಕರೆದರೆ ತಿರುಗಿ ನೋಡುತ್ತಾರೆ, ಯಾವ ಲೋಟದಲ್ಲಿ ಕೊಟ್ಟರೆ ಕುಡಿಯುತ್ತಾರೆ, ಯಾವುದಕ್ಕೆ ಹೆದರುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಹೊಸಬರಿಗೆ ದಾರಿ ಸುಲಭವಾಗುತ್ತದೆ.

ನಾಲ್ಕನೆಯದು ಹಣ. ಇದಕ್ಕೆ ಸುಲಭದ ಉತ್ತರವಿಲ್ಲ. ಪಿಂಚಣಿ ಇಲ್ಲದ ಮನೆಗೆ ತಿಂಗಳ ಸಂಬಳದ ಸಹಾಯಕರು ಎಟುಕದ ಮಾತು. ಇಲ್ಲಿಯೇ ಧರ್ಮಕೇಂದ್ರಗಳ ಪಾತ್ರ ಬರುತ್ತದೆ. ಗೋವೆಯಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಗಮನಿಸೋಣ. ಅಲ್ಲಿ ದೊಡ್ಡ ಪದವೀಧರರನ್ನು ಹುಡುಕಲಿಲ್ಲ. ಪ್ರೌಢಶಿಕ್ಷಣದ ನಂತರ ಸ್ವಲ್ಪ ಓದಿದ ಸ್ಥಳೀಯರನ್ನು ಆಯ್ದು, ಅಲ್ಪಾವಧಿಯ ತರಬೇತಿ ಕೊಟ್ಟು, ತಜ್ಞ ವೈದ್ಯರ ಬೆಂಬಲದೊಡನೆ ಮರೆವಿನ ರೋಗಿಗಳ ಮನೆಗಳಿಗೆ ಕಳುಹಿಸಿದರು. ರೋಗವೆಂದರೇನು, ಸಿಟ್ಟು ಬಂದಾಗ ಏನು ಮಾಡಬೇಕು, ಮನೆಯವರು ಕೆಲಸ ಹಂಚಿಕೊಳ್ಳುವುದು ಹೇಗೆ ಎಂಬುದನ್ನು ಅವರು ಮನೆಮನೆಗೆ ಹೋಗಿ ತಿಳಿಸಿದರು. 81 ಕುಟುಂಬಗಳು ಭಾಗವಹಿಸಿದ್ದ ಈ ಪ್ರಯೋಗದಲ್ಲಿ, ಆರು ತಿಂಗಳ ಬಳಿಕ, ಇಂಥ ನೆರವು ದೊರೆತ ಮನೆಗಳಲ್ಲಿ ಆರೈಕೆ ಮಾಡುವವರ ಮಾನಸಿಕ ಯಾತನೆ ಕಡಿಮೆಯಾಗಿರುವುದು ಕಂಡುಬಂದಿತು. ಗೋವೆಯಲ್ಲಿ ಸಾಧ್ಯವಾದುದು ಮೈಸೂರಿನಲ್ಲಿ ಏಕೆ ಆಗಬಾರದು? ನಮ್ಮ ಧರ್ಮಕೇಂದ್ರಗಳಲ್ಲಿ ನಿವೃತ್ತ ನರ್ಸುಗಳಿದ್ದಾರೆ, ಶಿಕ್ಷಕಿಯರಿದ್ದಾರೆ, ಧರ್ಮಭಗಿನಿಯರಿದ್ದಾರೆ, ಕಿರು ಕ್ರೈಸ್ತ ಸಮುದಾಯಗಳಿವೆ. ಹಬ್ಬಕ್ಕೆ ತೇರು ಅಲಂಕರಿಸಲು ಸರದಿ ಹಾಕುವ ನಾವು, ಭಾನುವಾರ ಎರಡು ಗಂಟೆ ಒಬ್ಬ ರೋಗಿಯ ಬಳಿ ಕುಳಿತು ಆತನ ಪತ್ನಿಯನ್ನು ಬಲಿಪೂಜೆಗೆ ಕಳುಹಿಸಲು ಸರದಿ ಹಾಕಲಾರೆವೇ? ಮನೆಗೆ ಪರಮಪ್ರಸಾದ ತರುವ ಗುರುಗಳು ರೋಗಿಯನ್ನು ಹರಸಿದ ಮೇಲೆ, ‘ಅಮ್ಮಾ, ನೀವು ರಾತ್ರಿ ನಿದ್ದೆ ಮಾಡುತ್ತೀರಾ?’ ಎಂದು ಆಕೆಯನ್ನು ಕೇಳಿದರೆ ಅದೂ ಒಂದು ಆಶೀರ್ವಾದವೇ.

ದೂರದಲ್ಲಿರುವ ಮಕ್ಕಳಿಗೂ ಒಂದು ಮಾತು. ತಿಂಗಳಿಗೊಮ್ಮೆ ಹಣ ಕಳುಹಿಸಿ, ವಾರಕ್ಕೊಮ್ಮೆ ಫೋನಿನಲ್ಲಿ ‘ಅಪ್ಪನನ್ನು ಚೆನ್ನಾಗಿ ನೋಡಿಕೋ ಅಮ್ಮ’ ಎಂದರೆ ಹೊಣೆ ತೀರುವುದಿಲ್ಲ. ವರ್ಷಕ್ಕೆ ಹದಿನೈದು ದಿನ ಬಂದು, ಅಮ್ಮನನ್ನು ಬೇರೆ ಊರಿಗೆ ವಿಶ್ರಾಂತಿಗೆ ಕಳುಹಿಸಿ, ತಾವೇ ಅಪ್ಪನನ್ನು ನೋಡಿಕೊಂಡರೆ ಆಗ ಆ ಹೊರೆಯ ತೂಕ ಅರಿವಾಗುತ್ತದೆ. ಯಾರು ಏನು ಮಾಡಬೇಕು, ಯಾರ ತೀರ್ಮಾನ ನಡೆಯಬೇಕು ಎಂಬುದನ್ನು ರೋಗಿಗೆ ಇನ್ನೂ ತಿಳಿವಳಿಕೆ ಇರುವಾಗಲೇ ಎಲ್ಲರೂ ಕೂಡಿ ಮಾತನಾಡಿಕೊಳ್ಳಬೇಕು.

ಮಂಗಳೂರಿನ ಕಥೋಲಿಕ ಕುಟುಂಬದಲ್ಲಿ ಹುಟ್ಟಿ ದೇಶದ ರಕ್ಷಣಾ ಸಚಿವರಾಗಿದ್ದ ಜಾರ್ಜ್ ಫರ್ನಾಂಡಿಸ್ ಅವರ ಕೊನೆಯ ವರ್ಷಗಳನ್ನು ಇಲ್ಲಿ ನೆನೆಯಬಹುದು. ಆಲ್ಝೈಮರ್ ರೋಗಕ್ಕೆ ತುತ್ತಾದ ಅವರನ್ನು ಯಾರು ನೋಡಿಕೊಳ್ಳಬೇಕೆಂಬ ವಿವಾದ 2010ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಅವರು ಪತ್ನಿ ಮತ್ತು ಮಗನೊಡನೆ ಇರಬೇಕು, ಸಹೋದರರು ಬಂದು ನೋಡಬಹುದು ಎಂದು ನ್ಯಾಯಾಲಯ ತೀರ್ಮಾನಿಸಿತು. ಬಹುಕಾಲ ಬೇರೆಯಾಗಿದ್ದ ಪತ್ನಿ ಲೈಲಾ ಕಬೀರ್ ಮರಳಿ ಬಂದು ಆರೈಕೆಯ ಹೊಣೆ ಹೊತ್ತರು. 2019ರ ಜನವರಿ 29ರಂದು ಫರ್ನಾಂಡಿಸ್ ತೀರಿಕೊಂಡರು. ಯಾರದು ಸರಿ ಯಾರದು ತಪ್ಪು ಎಂದು ಹೇಳುವುದು ನಮ್ಮ ಕೆಲಸವಲ್ಲ. ಅವರನ್ನು ಪ್ರೀತಿಸಿದವರೇ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು ಎಂಬುದು ನಮಗೆ ಪಾಠ. ಸಾಮಾನ್ಯರ ಮನೆಗಳಲ್ಲಿಯೂ ಇದೇ ಜಗಳ ಅಂಗಳದಲ್ಲಿ ನಡೆಯುತ್ತದೆ. ಕಾನೂನಿನ ಒಂದು ಸೂಕ್ಷ್ಮವನ್ನೂ ತಿಳಿದಿರಬೇಕು: ಒಮ್ಮೆ ಮುಖ್ತಾರು ಪತ್ರ ಬರೆಸಿಕೊಂಡರೆ ಸಾಕೆಂದು ಅನೇಕರು ಭಾವಿಸುತ್ತಾರೆ. ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಸಾಮಾನ್ಯ ಮುಖ್ತಾರು ಪತ್ರದ ಅಧಿಕಾರವೂ ನಿಂತುಹೋಗುತ್ತದೆ. ಆದುದರಿಂದ ಬ್ಯಾಂಕಿನ ಜಂಟಿ ಖಾತೆ, ನಾಮನಿರ್ದೇಶನ, ಉಯಿಲು ಮುಂತಾದುವನ್ನು ಕಾಲ ಮೀರುವ ಮುನ್ನವೇ ವಕೀಲರೊಡನೆ ಸಮಾಲೋಚಿಸಿ ಸರಿಪಡಿಸಿಕೊಳ್ಳುವುದು ಒಳಿತು. ಚಿಕಿತ್ಸೆಯ ವಿಷಯದಲ್ಲಿ ತಮ್ಮ ಪರವಾಗಿ ನಿಲ್ಲುವವರನ್ನು ಮೊದಲೇ ಹೆಸರಿಸಲು 2017ರ ಮಾನಸಿಕ ಆರೋಗ್ಯ ಕಾಯಿದೆ ಅವಕಾಶ ಕೊಟ್ಟಿದೆ.

ಎಲ್ಲಕ್ಕೂ ಮೊದಲು ವೈದ್ಯರ ಬಳಿಗೆ ಹೋಗಬೇಕು. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ ಮುಂತಾದವುಗಳಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆಯುಂಟು. ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆ.ಎಸ್.ಎಸ್. ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಮಾತು ತೊಡರುತ್ತಿದ್ದರೆ, ಕಿವಿ ಮಂದವಾಗಿದ್ದರೆ, ಹಿನಕಲ್‌ಗೆ ಹೆಚ್ಚು ದೂರವಿಲ್ಲದ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನೊಡನೆ ಸೇರಿ ರಾಜ್ಯ ಸರ್ಕಾರವು 2022ರಲ್ಲಿ ಮಿದುಳಿನ ಆರೋಗ್ಯಕ್ಕೆಂದೇ ಒಂದು ಕಾರ್ಯಕ್ರಮವನ್ನು ಆರಂಭಿಸಿದೆ. ಹಿರಿಯ ನಾಗರಿಕರ ಸಹಾಯವಾಣಿ 14567. ಆರೈಕೆ ಮಾಡುವವರ ಮನಸ್ಸು ಕುಸಿದಾಗ ಮಾತನಾಡಲು ಟೆಲಿ ಮಾನಸ್ 14416. ಈ ಎರಡು ಸಂಖ್ಯೆಗಳನ್ನು ದೂರವಾಣಿಯ ಪಕ್ಕದ ಗೋಡೆಯಲ್ಲಿ ಬರೆದಿಡುವುದರಿಂದ ನಷ್ಟವಿಲ್ಲ.

ನಮ್ಮ ಬೈಬಲಿನ ಸಿರಾಖನ ಗ್ರಂಥದ ಮೂರನೆಯ ಅಧ್ಯಾಯ, ಮುಪ್ಪಿನಲ್ಲಿ ಬುದ್ಧಿ ಕುಂದಿದ ತಂದೆಯನ್ನು ಹೀನೈಸದೆ ಸೈರಿಸಿಕೊಳ್ಳಬೇಕೆಂದು ಮಕ್ಕಳಿಗೆ ಬೋಧಿಸುತ್ತದೆ. ಮರೆವಿನ ಕಾಯಿಲೆಯನ್ನು ಅಷ್ಟು ಹಿಂದೆಯೇ ಕಂಡು ಮರುಗಿದವರಿದ್ದರು. ಇನ್ನು ಶಿಲುಬೆಯ ಹಾದಿಯ ಐದನೆಯ ಸ್ಥಳವನ್ನು ನಾವು ತಪಸ್ಸುಕಾಲದ ಪ್ರತಿ ಶುಕ್ರವಾರ ಧ್ಯಾನಿಸುತ್ತೇವೆ. ಸಿರೇನ್ ಊರಿನ ಸಿಮೋನ ನೆಂಟನಲ್ಲ, ಶಿಷ್ಯನಲ್ಲ. ಹೊಲದಿಂದ ಬರುತ್ತಿದ್ದ ದಾರಿಹೋಕ. ಆತನ ಹೆಗಲು ಬಂದಾಗ ಯೇಸುಸ್ವಾಮಿ ಬೇಡವೆಂದು ತಳ್ಳಿದರೆಂದು ಯಾವ ಶುಭಸಂದೇಶವೂ ಹೇಳುವುದಿಲ್ಲ. ಸಿಮೋನ ಬಂದುದರಿಂದ ಶಿಲುಬೆ ಅವರದಲ್ಲದೆ ಹೋಗಲಿಲ್ಲ. ಹಾಗೆಯೇ ಸಹಾಯಕರು ಬಂದುದರಿಂದ ಪತಿ ನಿಮ್ಮವನಲ್ಲದೆ ಹೋಗುವುದಿಲ್ಲ, ಪತ್ನಿ ನಿಮ್ಮವಳಲ್ಲದೆ ಹೋಗುವುದಿಲ್ಲ.

ಆದುದರಿಂದ ಇಂಥ ಮನೆಗಳಲ್ಲಿರುವ ತಾಯಂದಿರಲ್ಲಿ, ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೆ: ಯಾರಾದರೂ ‘ಏನಾದರೂ ಸಹಾಯ ಬೇಕೆ?’ ಎಂದು ಕೇಳಿದಾಗ ‘ಬೇಡ, ಪರವಾಗಿಲ್ಲ’ ಎನ್ನಬೇಡಿ. ‘ಬುಧವಾರ ಬೆಳಿಗ್ಗೆ ಎರಡು ಗಂಟೆ ಬಂದು ಕುಳಿತಿರುತ್ತೀರಾ?’ ಎಂದು ಕೇಳಿ. ಉಳಿದ ನಮ್ಮೆಲ್ಲರಲ್ಲಿ ವಿನಂತಿ ಇನ್ನೂ ಚಿಕ್ಕದು. ಹಾಗೆ ಕೇಳಿದಾಗ, ಬುಧವಾರ ಬೆಳಿಗ್ಗೆ, ಹೇಳಿದ ಹೊತ್ತಿಗೆ ಸರಿಯಾಗಿ ಆ ಮನೆಯ ಬಾಗಿಲಲ್ಲಿರೋಣ.